ವಿದಾಯದ ತಾಲೀಮು

ಐವತ್ತಾರನೇ ವಯಸ್ಸಿನಲ್ಲಿ ನನ್ನನ್ನು ಮತ್ತೆ ಬೆಂಚಿನ ಮೇಲೆ ಕೂರಿಸಿದರು. ವಿಶ್ವವಿದ್ಯಾಲಯದ ಅಧ್ಯಾಪಕರಿಗೆ ತರಬೇತಿಯಂತೆ. ಪಾಠವನ್ನು ನಾಲ್ಕು ಗೋಡೆಯಿಂದ ಆಚೆ ಒಯ್ದು, ಜನರ ನಡುವೆ, ಜನರ ಜೊತೆ ಕಲಿಸುವುದು ಹೇಗೆಂದು ನಮಗೇ ಕಲಿಸುತ್ತಾರಂತೆ. ರಸಾಯನಶಾಸ್ತ್ರ ಹೇಳಿ ಹೇಳಿ ಕೂದಲು ಹಣ್ಣಾದ ನನಗೆ, ಹುಡುಗರು ಬೆನ್ನ ಹಿಂದೆ ‘ಆಸಿಡ್ ಮೇಡಂ’ ಅನ್ನುವ ನನಗೆ! ಮೊದಲ ದಿನ ಮೂಗು ಮುರಿಯುತ್ತಲೇ ಹೋದೆ.

ತರಬೇತುದಾರ ನಗುಮುಖದ ಯುವಕ. ನಮ್ಮನ್ನು ವೃತ್ತದಲ್ಲಿ ನಿಲ್ಲಿಸಿ ಬಣ್ಣದ ಚೀಟಿ ಹಂಚಿದ. ಮಂಡಿನೋವಿನ ಪ್ರಾಧ್ಯಾಪಕರೆಲ್ಲ ಹಳದಿ ಚೀಟಿ ಹಿಡಿದು ನಿಂತದ್ದನ್ನು ನೋಡಿದರೆ ನಗಬೇಕೋ ಅಳಬೇಕೋ ತಿಳಿಯುತ್ತಿರಲಿಲ್ಲ. ಪಕ್ಕದಲ್ಲಿದ್ದ ಇತಿಹಾಸದ ಮೇಷ್ಟ್ರು, “ಇನ್ನೇನು, ಕುಂಟೆಬಿಲ್ಲೆ ಆಡಿಸ್ತಾನೆ ನೋಡಿ” ಎಂದು ಪಿಸುಗುಟ್ಟಿದರು. ಆದರೂ ಆ ದಿನದ ಕೊನೆಗೆ ಪ್ರತಿಯೊಬ್ಬರೂ ಒಂದು ಬಡಾವಣೆ ಆರಿಸಿಕೊಂಡು, ವಿದ್ಯಾರ್ಥಿಗಳೊಡನೆ ಪ್ರತಿ ಗುರುವಾರ ಅಲ್ಲಿಗೆ ಹೋಗಬೇಕೆಂದು ಗೊತ್ತಾಯಿತು.

ನನಗೆ ಸಿಕ್ಕಿದ್ದು ಬಸ್ ಡಿಪೋ ಹಿಂದಿನ ಹಳೆಯ ವಸತಿ ಕಟ್ಟಡ. ಲಿಫ್ಟ್ ಇಲ್ಲ, ನಲ್ಲಿ ತಿರುಗಿಸಿದರೆ ಕಂದು ನೀರು. ಅಲ್ಲಿಯವರ ಪರವಾಗಿ ಮಾತಾಡುತ್ತಿದ್ದವರು ಮೂರನೇ ಮಹಡಿಯ ಒಬ್ಬ ಹಿರಿಯ ಹೆಂಗಸು, ನಿವೃತ್ತ ಬಸ್ ಕಂಡಕ್ಟರ್. ಇಡೀ ಕಟ್ಟಡಕ್ಕೆ ಅವರು ‘ಅತ್ತೆ’. ಮೆಟ್ಟಿಲ ಮೇಲೆ ಯಾರಾದರೂ ನಿಂತು ಹರಟಿದರೆ, “ಮುಂದೆ ಹೋಗಿ, ಮುಂದೆ ಹೋಗಿ, ಹಿಂದೆ ಜಾಗ ಬಿಡಿ” ಎಂದು ಈಗಲೂ ಗದರುತ್ತಿದ್ದರು.

ಮೊದಲ ಭೇಟಿಯಲ್ಲಿ ಏನೂ ಕೇಳಬಾರದು, ಏನೂ ಉಪದೇಶಿಸಬಾರದು, ಸುಮ್ಮನೆ ಕೂರಬೇಕು ಅನ್ನುವುದು ತರಬೇತಿಯ ನಿಯಮ. ಅತ್ತೆ ಮಹಡಿ ಮೆಟ್ಟಿಲ ತಿರುವಿನಲ್ಲಿ ಒಂದು ಕುರ್ಚಿ ಹಾಕಿ, “ಕೂತ್ಕೊಳ್ಳಿ ಮೇಡಂ. ಇವತ್ತು ನೀವು ಮಾತಾಡೋ ಹಾಗಿಲ್ಲ ಅಲ್ವಾ?” ಅಂದರು. ತರಬೇತುದಾರ ಮೊದಲೇ ಫೋನ್ ಮಾಡಿರಬೇಕು ಅಂದುಕೊಂಡೆ. ನನ್ನಂಥ ಬಾಯಿಬಡುಕಿ ಒಂದು ಮಧ್ಯಾಹ್ನವಿಡೀ ತುಟಿ ಬಿಚ್ಚದೆ ಕೂತದ್ದನ್ನು ಅಕ್ಕ ನೋಡಿದ್ದರೆ ಚಪ್ಪಾಳೆ ತಟ್ಟುತ್ತಿದ್ದಳು.

ಅಕ್ಕನೂ ನಾನೂ ಮದುವೆಯಾಗದೆ ಒಂದೇ ಮನೆಯಲ್ಲಿ ಜಗಳವಾಡಿಕೊಂಡು ಬದುಕಿದವರು. ಫ್ಯಾನು ಹಾಕುವುದಕ್ಕೂ ಜಗಳ, ಆರಿಸುವುದಕ್ಕೂ ಜಗಳ. ಅವಳು ಹೋದ ಮೇಲೆ ಫ್ಯಾನು ನನ್ನಿಷ್ಟದಂತೆಯೇ ತಿರುಗುತ್ತದೆ, ಬೇಡ ಅನ್ನುವವರಿಲ್ಲ. ಶುಕ್ರವಾರ ಸಂಜೆ ಪ್ರಯೋಗಾಲಯಕ್ಕೆ ಬೀಗ ಹಾಕಿ ಕಾವಲುಗಾರನ ಜೊತೆ ಎರಡು ಮಾತಾಡಿದರೆ, ಸೋಮವಾರದವರೆಗೆ ನನ್ನ ದನಿ ನನಗೇ ಕೇಳಿಸುವುದಿಲ್ಲ. ಒಂದು ಸೋಮವಾರವಂತೂ ಪಾಠ ಶುರು ಮಾಡಲು ಬಾಯಿ ತೆರೆದರೆ ಗಂಟಲಿನಿಂದ ಬರೀ ಗಾಳಿ ಬಂತು. ನೆಗಡಿ ಎಂದು ಹುಡುಗರಿಗೆ ಸುಳ್ಳು ಹೇಳಿದೆ.

ಹಾಗಾಗಿ ಗುರುವಾರ ನನಗೆ ಬರೀ ಪಾಠವಾಗಿ ಉಳಿಯಲಿಲ್ಲ. ವಿದ್ಯಾರ್ಥಿಗಳು ಮನೆಮನೆಯ ನೀರನ್ನು ಬಾಟಲಿಗೆ ಹಿಡಿದು, ಹನಿ ಹಾಕಿ, ಬಣ್ಣ ನೋಡಿ ಪರೀಕ್ಷಿಸುವುದನ್ನು ಅಲ್ಲಿಯವರಿಗೆ ಕಲಿಸಿದರು. ತಪ್ಪು ಮೇಲಿನ ತೊಟ್ಟಿಯದು, ಒಳಗೆಲ್ಲ ತುಕ್ಕು. ಎಲ್ಲರೂ ಸೇರಿ ತೊಟ್ಟಿ ಬದಲಿಸಿದ ದಿನ ಅತ್ತೆ ಗಾಜಿನ ಲೋಟದಲ್ಲಿ ತಿಳಿನೀರು ಹಿಡಿದು, “ಇವ್ರು ನಮ್ಮ ಮೇಡಂ” ಎಂದು ಪಕ್ಕದ ಕಟ್ಟಡದವರಿಗೆ ನನ್ನನ್ನು ತೋರಿಸಿದರು. ‘ನಮ್ಮ’! ದಾರಿಯುದ್ದಕ್ಕೂ ಅದೊಂದೇ ಮಾತು ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು. ಆಮೇಲೆ ಬುಧವಾರ ರಾತ್ರಿಯೇ ಬಟ್ಟೆಗೆ ಇಸ್ತ್ರಿ ಮಾಡಿಡತೊಡಗಿದೆ, ಈ ವಯಸ್ಸಿನಲ್ಲಿ!

ಕೊನೆಯ ತರಬೇತಿಯ ವಿಷಯ ವಿದಾಯ.

“ಕೆಲಸ ಅವರ ಕೈಗೆ ಕೊಟ್ಟು ನಾವು ಹಿಂದೆ ಸರೀಬೇಕು. ಮುಂದೆ ನಾವಿಲ್ದೇನೂ ಅದು ನಡೀಬೇಕು. ಹೊರಡುವಾಗ ಸುಳ್ಳು ಆಸೆ ಹುಟ್ಟಿಸ್ಬೇಡಿ. ಆಗಾಗ ಬರ್ತಾ ಇರ್ತೀವಿ ಅಂತ ಮಾತ್ರ ಹೇಳ್ಲೇಬೇಡಿ” ಅಂದ ಯುವಕ.

ಅದಕ್ಕೂ ತಾಲೀಮು. ಇತಿಹಾಸದ ಮೇಷ್ಟ್ರು ತಲೆಗೆ ಟವಲು ಸುತ್ತಿಕೊಂಡು ಅತ್ತೆಯಾದರು. “ಅಯ್ಯೋ ಮೇಡಂ, ನಮ್ಮನ್ನ ಬಿಟ್ಟು ಹೊರಟ್ರಾ?” ಎಂದು ಅವರು ಗೋಳಾಡಿದಾಗ ಸಭೆಯೆಲ್ಲ ಬಿದ್ದು ಬಿದ್ದು ನಕ್ಕಿತು. ನಾನು ಬರೆದುಕೊಂಡಿದ್ದ ಮಾತನ್ನು ತಪ್ಪಿಲ್ಲದೆ ಒಪ್ಪಿಸಿದೆ. ಆಸಿಡ್ ಮೇಡಂಗೆ ಇದೆಲ್ಲ ನೀರು ಕುಡಿದಷ್ಟು ಸಲೀಸು ಎಂದು ಯಾರೋ ಮೆಚ್ಚಿದರು. ನನ್ನ ಕೈ ಹಿಡಿದಿದ್ದ ಮೇಷ್ಟ್ರು ಮಾತ್ರ ಟವಲಿನೊಳಗಿಂದ ಮೆಲ್ಲಗೆ, “ಯಾಕ್ರೀ, ಕೈ ಇಷ್ಟೊಂದು ತಣ್ಣಗಿದೆ?” ಎಂದು ಕೇಳಿದರು.

ಮರುದಿನವೇ ಕೊನೆಯ ಗುರುವಾರ. ಮೆಟ್ಟಿಲ ತಿರುವಿನಲ್ಲಿ ಜನ ಸೇರಿದ್ದರು. ನಾನು ಎದ್ದು ನಿಂತು, “ಈ ದಿನಗಳಲ್ಲಿ...” ಎಂದು ಶುರು ಮಾಡುವಷ್ಟರಲ್ಲಿ ಅತ್ತೆ ನನ್ನ ಕೈಗೆ ನೀರಿನ ಲೋಟ ಇಟ್ಟರು.

“ಮೊದ್ಲು ಕುಡೀರಿ. ಕೊನೇ ದಿನ ಎಲ್ರಿಗೂ ಗಂಟಲು ಕಟ್ಟುತ್ತೆ.”

“ಎಲ್ರಿಗೂ ಅಂದ್ರೆ?”

“ನಿಮಗಿಂತ ಮುಂಚೆ ಬಂದೋರಿಗೆ. ಕಟ್ಟಡ ಅಳೆಯೋಕೆ ಒಬ್ರು ಸರ್ ಬಂದಿದ್ರು. ಆಮೇಲೆ ಮಕ್ಕಳ ಆಟ ನೋಡೋಕೆ ಒಬ್ರು ಮೇಡಂ, ಪಾಪ, ಅವ್ರು ತುಂಬಾ ಅತ್ರು. ಹೂಂ, ಹೇಳಿ. ನಾವು ಕಲಿಸಿದ್ದಕ್ಕಿಂತ ನಿಮ್ಮಿಂದ ಕಲಿತಿದ್ದೇ ಹೆಚ್ಚು ಅನ್ನೋದು ಮುಂದಿನ ಮಾತು.”

ಜನ ನಕ್ಕರು. ಕುಹಕದ ನಗುವಲ್ಲ, ಮನೆಯವರ ಜೊತೆ ನಕ್ಕ ಹಾಗೆ ನಕ್ಕರು. ನನ್ನ ಕಾಗದದಲ್ಲಿ ಮುಂದಿನ ಸಾಲು ಅದೇ ಇತ್ತು! ಮುಖಕ್ಕೆ ಹೊಡೆದ ಹಾಗಾಯಿತು. ಆ ಕುರ್ಚಿಯಲ್ಲಿ ನನಗಿಂತ ಮೊದಲು ಬೇರೆಯವರು ಕೂತಿದ್ದರು, ‘ನಮ್ಮ ಮೇಡಂ’ ಕೂಡ ಬೇರೆಯವರಾಗಿದ್ದರು. ನಾನೊಬ್ಬಳೇ ಆ ಮಾತನ್ನು ಮನೆಗೆ ಹೊತ್ತೊಯ್ದು, ದಿಂಬಿನ ಪಕ್ಕ ಇಟ್ಟುಕೊಂಡು ಮಲಗಿದ್ದೆ. ಕಾಗದ ಮಡಚಿ ಚೀಲಕ್ಕೆ ತುರುಕಿದೆ. ವಿದ್ಯಾರ್ಥಿಗಳು ಬಾಟಲಿಗಳನ್ನು ಅಲ್ಲಿಯವರಿಗೆ ಒಪ್ಪಿಸಿ ಕೆಳಗಿಳಿದರು. ಜನ ಚದುರಿದರು.

ಅತ್ತೆ ಕುರ್ಚಿ ಎತ್ತಿಕೊಂಡು ಒಳಗೆ ಹೋಗುವುದರಲ್ಲಿದ್ದರು. ಈಗ ಬಾಯಿ ಬಿಡದಿದ್ದರೆ ಇನ್ನು ಮುಂದೆ ನನಗೆ ಗುರುವಾರವಿಲ್ಲ, ಶುಕ್ರವಾರ, ಸೋಮವಾರ ಅಷ್ಟೇ ಅನಿಸಿತು.

“ಅತ್ತೆ, ಕೆಲಸ ಏನೂ ಇಲ್ದೆ ಬರಬಹುದಾ?”

ಕುರ್ಚಿ ಹಿಡಿದೇ ನಿಂತರು. “ಇದನ್ನ ಯಾರೂ ಕೇಳಿರ್ಲಿಲ್ಲ,” ಅಂದರು. “ಬಂದು ಏನ್ ಮಾಡ್ತೀರಾ?”

“ಗೊತ್ತಿಲ್ಲ. ಮನೇಲಿ ಒಬ್ಳೇ ಇರೋಕಾಗ್ತಿಲ್ಲ.”

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅತ್ತೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು.

“ಗುರುವಾರ ಬೇಡ, ಹೊಸಬ್ರು ಬರ್ತಾರೆ, ಆಗ್ಲೇ ಫೋನ್ ಬಂದಿದೆ. ಭಾನುವಾರ ಬನ್ನಿ. ಭಾನುವಾರ ನನ್ನ ಹತ್ರ ಯಾರೂ ಬರಲ್ಲ.”

ಹೋದೆ. ಕೈಯಲ್ಲಿ ಬಾಟಲಿಯಿಲ್ಲ, ಚೀಲವಿಲ್ಲ, ಕೈಯನ್ನು ಎಲ್ಲಿಟ್ಟುಕೊಳ್ಳಬೇಕೆಂದೇ ತೋಚಲಿಲ್ಲ. ಬಾಗಿಲು ತೆರೆದವರು ಹಳೆಯ ನೈಟಿಯಲ್ಲಿದ್ದರು, ತಲೆ ಬಾಚಿರಲಿಲ್ಲ. “ನಿಜವಾಗ್ಲೂ ಬಂದ್ಬಿಟ್ರಲ್ಲಾ!” ಎಂದು ಗಾಬರಿಯಾಗಿ ಹಾಸಿಗೆಯ ಮೇಲಿನ ಬಟ್ಟೆ ಬಾಚಿ ಜಾಗ ಮಾಡಿದರು. ಒಂದೇ ಕೋಣೆ. ದನಿ ಕಡಿಮೆ ಮಾಡಿದ ಟಿವಿ, ಒಬ್ಬರಿಗಾಗುವಷ್ಟು ಪಾತ್ರೆ. ಎರಡನೇ ಲೋಟ ಹುಡುಕಲು ಅತ್ತೆಗೆ ಬಹಳ ಹೊತ್ತು ಹಿಡಿಯಿತು, ಸಿಕ್ಕಿದ ಮೇಲೆ ಅದರ ಧೂಳು ತೊಳೆದರು.

ಚಹಾ ಕುಡಿದೆವು. ನೀರು ಹೇಗಿದೆ ಅಂದೆ, ಚೆನ್ನಾಗಿದೆ ಅಂದರು. ಕೆಲಸವಿಲ್ಲದಿದ್ದರೆ ನಮ್ಮಿಬ್ಬರ ನಡುವೆ ಆಡಲು ಏನೂ ಇರಲಿಲ್ಲ. ಟಿವಿಯಲ್ಲಿ ಯಾರೋ ಯಾರಿಗೋ ಬಹುಮಾನ ಕೊಡುತ್ತಿದ್ದರು.

“ಎಲ್ರೂ ಅತ್ತೆ ಅಂತಾರೆ,” ಎಂದರು ಅವರು, ಟಿವಿ ನೋಡುತ್ತಲೇ. “ನಾನು ಯಾರಿಗೂ ಅತ್ತೆ ಅಲ್ಲ ಮೇಡಂ. ಅಣ್ಣ ಇಲ್ಲ, ತಮ್ಮ ಇಲ್ಲ. ಬಸ್ಸಲ್ಲಿ ಯಾವುದೋ ಮಗು ಹಾಗೆ ಕರೀತು, ಅದೇ ಉಳ್ಕೊಂಡ್ಬಿಡ್ತು.”

ನಾನು ಲೋಟ ಕೆಳಗಿಡುವಷ್ಟರಲ್ಲಿ ಅವರಿಗೆ ಕೂತಲ್ಲೇ ಜೋಂಪು ಹತ್ತಿತು. ಬಾಯಿ ಸ್ವಲ್ಪ ತೆರೆದುಕೊಂಡಿತು. ಅಕ್ಕನೂ ಹೀಗೆಯೇ ನಿದ್ದೆ ಮಾಡುತ್ತಿದ್ದಳು. ಅಳು ಒತ್ತರಿಸಿಕೊಂಡು ಬಂತು. ಎದ್ದು ಹೋದರೆ ಯಾರೂ ಬೇಡ ಅನ್ನುತ್ತಿರಲಿಲ್ಲ. ಟಿವಿ ಆರಿಸಿ, ಲೋಟಗಳನ್ನು ತೊಳೆಯೋಣವೆಂದು ಅವರ ಹಿಂದಿದ್ದ ಸಿಂಕಿನ ಬಳಿಗೆ ಹೋದೆ. ತೊಳೆದಾದ ಮೇಲೂ ಕಿಟಕಿಯಾಚೆ ಡಿಪೋಗೆ ಮರಳುವ ಬಸ್ಸುಗಳನ್ನು ನೋಡುತ್ತ ಅಲ್ಲೇ ನಿಂತೆ.

ಹೊತ್ತು ಇಳಿದಾಗ ಅವರಿಗೆ ಎಚ್ಚರವಾಯಿತು. ಹಿಂದೆ ತಿರುಗಿ ನೋಡಲಿಲ್ಲ. ನಾನು ಕೂತಿದ್ದ ಜಾಗವನ್ನಷ್ಟೇ ನೋಡಿದರು. ಬಾಯಿಂದ ಹಲ್ಲಿನ ಸೆಟ್ಟು ತೆಗೆದು ಪಕ್ಕದ ಬಟ್ಟಲಿಗೆ ಹಾಕಿದರು.

“ಹೋದ್ರು,” ಅಂದರು ಆ ಖಾಲಿ ಜಾಗಕ್ಕೆ. ಬೇಸರವೂ ಇಲ್ಲ ದನಿಯಲ್ಲಿ, ನಿಲ್ದಾಣದ ಹೆಸರು ಕೂಗಿದ ಹಾಗಿತ್ತು.

“ಇಲ್ಲ ಅತ್ತೆ. ಇಲ್ಲೇ ಇದೀನಿ.”

ಬೆಚ್ಚಿಬಿದ್ದು ತಿರುಗಿದರು. ಕೈ ತಟ್ಟನೆ ಬಾಯಿಗೆ ಅಡ್ಡ ಹೋಯಿತು. ಹಾಗೇ ನನ್ನನ್ನು ನೋಡುತ್ತ ಕೂತರು. ನಾನೂ ಕಣ್ಣೊರೆಸಿಕೊಳ್ಳದೆ ನಿಂತೆ. ಆಮೇಲೆ ಅವರು ನಿಧಾನವಾಗಿ ಕೈ ಇಳಿಸಿ, ಬೊಚ್ಚು ಬಾಯಲ್ಲೇ, “ಕತ್ತಲಾಗ್ತಿದೆ, ಆ ಲೈಟ್ ಹಾಕಿ” ಅಂದರು.