ಜೊಕಿಮನ ಸಾಕ್ಷಿ

ದೋಣಿಯ ಬದಿಗೆ ನೀರು ಬಡಿಯುತ್ತಿದೆ, ಬಿಸಿಲಿಗೆ ಕಾದ ಹಲಗೆ ತೊಡೆಯನ್ನು ಸುಡುತ್ತಿದೆ, ಸರಿದು ಕೂರಬಹುದು, ಆದರೆ ಸರಿದರೆ ಮುಖ ಅವಳ ಕಡೆಗಾಗುತ್ತದೆ, ಬೇಡ, ಸುಡಲಿ, ಗುರುಪುರ ಹೊಳೆ ಇಷ್ಟು ಅಗಲವೆಂದು ಇವತ್ತೇ ಗೊತ್ತಾದದ್ದು — ಅವಳ ಜೊತೆ ಆಗಬಾರದೆಂದೇ ವಿಚಾರಣೆಯ ಕಚೇರಿಯಿಂದ ಕೂಳೂರು ಕಡವಿನವರೆಗೆ ಓಡಿದಂತೆ ನಡೆದು ಬಂದೆ, ಅಂಬಿಗ ತಡೆದ, ನಿಲ್ಲಿ ಪೊರ್ಬುಗಳೇ, ಕ್ರಿಸ್ತಾನರನ್ನು ಅವನು ಕರೆಯುವುದೇ ಹಾಗೆ, ಅಮ್ಮಣಿ ಬರ್ತಾ ಇದ್ದಾಳೆ, ಕೈ ಇಲ್ಲದವಳನ್ನು ಬಿಟ್ಟು ಹೋಗುವುದುಂಟಾ. ಕೈ ಉಂಟು, ಬಲಗೈಯ ನಾಲ್ಕು ಬೆರಳು ಇಲ್ಲ, ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು, ಹೆಂಚಿನ ಕಾರ್ಖಾನೆಯಲ್ಲಿ ಹದಿನಾಲ್ಕು ವರ್ಷ ಪ್ರೆಸ್ಸಿನ ಹಿಡಿ ಎಳೆದವನು ನಾನು, ಅಚ್ಚಿನ ಮೇಲೆ ಮಣ್ಣು ಇಡುವವಳು ಅವಳು, ಇಟ್ಟು ಕೈ ತೆಗೆದು ಹೂಂ ಅನ್ನಬೇಕು, ಆಮೇಲೆ ನಾನು ಎಳೆಯಬೇಕು, ಒಂದು ದಿನವೂ ತಪ್ಪಿರಲಿಲ್ಲ, ಆ ದಿನ ಮಾತ್ರ ಪಕ್ಕದ ಪ್ರೆಸ್ಸಿನ ಲೋಕಯ್ಯನ ಕಡೆ ತಿರುಗಿದ್ದೆ, ಮಗಳು ಮಾರ್ಸೆಲಿನ್ ಶಾಲೆಯಲ್ಲಿ ಇಂಗ್ಲಿಷ್ ಪದ್ಯ ಬಾಯಿಪಾಠ ಒಪ್ಪಿಸಿದ್ದನ್ನು ಹೇಳುತ್ತಿದ್ದೆ, ಸಿಸ್ಟರುಗಳು ಚಪ್ಪಾಳೆ ತಟ್ಟಿದರು ಮಾರಾಯ, ಎಂದು ನಗುತ್ತಿದ್ದೆ, ಕೈ ಹಿಡಿಯನ್ನು ಎಳೆದೇ ಬಿಟ್ಟಿತು, ಹೂಂ ಕೇಳಿಸಿರಲಿಲ್ಲ — ಅವಳು ಕಿರುಚಲೂ ಇಲ್ಲ, ಜೊಕಿಮಣ್ಣ ಎಂದು ಮೆಲ್ಲಗೆ ಕರೆದಳು, ತಪ್ಪು ಅವಳದೇ ಎಂಬಂತೆ.

ಕೆಲಸದಲ್ಲಿ ಪೆಟ್ಟಾದರೆ ಕಂಪೆನಿ ಪರಿಹಾರ ಕೊಡಬೇಕು, ಸರಕಾರದ ಕಾನೂನು ಉಂಟು, ಎಂದು ಆಸ್ಪತ್ರೆಯ ಜಗಲಿಯಲ್ಲಿ ಅವಳಿಗೆ ಹೇಳಿದವನು ನಾನೇ, ಅರ್ಜಿ ಬರೆಸಿ ಕೊಟ್ಟವನು ನಾನೇ, ಲೋಕಯ್ಯ ತಾನು ಏನೂ ನೋಡಿಲ್ಲ ಎಂದು ಜಾರಿಕೊಂಡಾಗ ಸಾಕ್ಷಿಗೆ ನನ್ನ ಹೆಸರು ಹಾಕು ಎಂದವನೂ ನಾನೇ, ಆಗ ಎದೆ ಎಷ್ಟು ಹಗುರವಾಗಿತ್ತು. ನಿನ್ನೆ ಕಾರ್ಖಾನೆಯ ರೈಟರ್ ಆಂಬ್ರೋಸರು ಆಫೀಸಿಗೆ ಕರೆದು ಕುರ್ಚಿ ಕೊಟ್ಟರು, ಅಲ್ಲಿ ನಾನು ಕುರ್ಚಿಯಲ್ಲಿ ಕೂತದ್ದು ಅದೇ ಮೊದಲು, ಸಾಕ್ಷಿಯಲ್ಲಿ ಹೀಗೆ ಹೇಳು ಎಂದರು, ಕೈ ಇಡಬೇಡ ಅಂತ ನೀನು ಹೇಳಿದ್ದಿ ಜೊಕಿಮ್, ಅವಳು ಕೇಳಲಿಲ್ಲ, ಹಾಗಾದರೆ ಕಾನೂನಿನಲ್ಲಿ ಕಂಪೆನಿಯ ತಲೆಗೆ ಎಂತದೂ ಬರುವುದಿಲ್ಲ, ನಿನ್ನ ತಲೆಗೂ ಬರುವುದಿಲ್ಲ, ನೋಡದೆ ಎಳೆದೆ ಅಂತ ಹೇಳುವುದಾದರೆ ಹೇಳು, ನಾಳೆಯಿಂದ ಕೆಲಸಕ್ಕೆ ಬರುವುದು ಬೇಡ, ಮಗಳು ಓದ್ತಾ ಇದ್ದಾಳಲ್ಲ. ಇವತ್ತು ವಿಚಾರಣೆಯ ಸಾಹೇಬರು ಕೇಳಿದರು, ಹೇಳಿದೆ, ಬೇಡ ಅಂದಿದ್ದೆ, ಅವಳು ಕೇಳಲಿಲ್ಲ, ಎರಡು ಸಲ ಅಂದಿದ್ದೆ ಎಂದೂ ಸೇರಿಸಿದೆ — ಎರಡು ಸಲ ಎನ್ನಲು ಆಂಬ್ರೋಸರು ಹೇಳಿಕೊಟ್ಟಿರಲಿಲ್ಲ, ಅದು ನನ್ನ ಸ್ವಂತದ್ದು. ಸಾಹೇಬರು ಇಂಗ್ಲಿಷಿನಲ್ಲಿ ಬರೆದುಕೊಂಡರು, ಅವಳು ಹೊರಗೆ ಕಂಬಕ್ಕೆ ಒರಗಿ ಕೂತಿದ್ದಳು, ನಾನು ಬಂದಾಗ ಎದ್ದು ನಿಂತಳು, ನನಗೆ ಎದ್ದು ನಿಂತಳು.

ಜೊಕಿಮಣ್ಣ — ಕರೆಯುತ್ತಿದ್ದಾಳೆ — ಒಳಗೆ ಎಂತ ಕೇಳಿದರು, ಎಂತ ಇಲ್ಲ ಅಮ್ಮಣಿ, ಆದದ್ದನ್ನು ಹೇಳಿದೆ, ಎನ್ನುತ್ತೇನೆ, ಇದು ನನ್ನ ಬಾಯಿ, ನನ್ನದೇ ಸ್ವರ, ಅವಳು, ನೀವಿದ್ದೀರಿ ಅಂತಲೇ ನನಗೆ ಧೈರ್ಯ, ಬೇರೆ ಯಾರಾದರೂ ಆಗಿದ್ದರೆ ಕಂಪೆನಿಯವರು ಹೇಳಿದ್ದಕ್ಕೆ ತಲೆಯಾಡಿಸ್ತಿದ್ದರು, ಎನ್ನುತ್ತಾಳೆ. ಶನಿವಾರ ಇಗರ್ಜಿಯಲ್ಲಿ ಪಾದ್ರಿಗಳ ಮುಂದೆ ಪಾಪ ಹೇಳಿಕೊಳ್ಳಬಹುದು, ಆದರೆ ಅವರೂ ಅನ್ನುವುದು ಒಂದೇ, ಅವಳಲ್ಲಿ ಹೋಗಿ ಹೇಳು, ಹಾಗಾದರೆ ಈಗಲೇ, ದೋಣಿ ದಡ ಮುಟ್ಟುವ ಮೊದಲು, ನಾಳೆ ಸಾಹೇಬರ ಹತ್ತಿರ ಹೋಗಿ ತಿದ್ದಿಸುತ್ತೇನೆ ಅಮ್ಮಣಿ, ಎಂದು ಇಷ್ಟೇ, ಅಷ್ಟು ಸಣ್ಣ ಮಾತು, ಬಾಯಿ ತೆರೆಯುತ್ತೇನೆ, ಬಿಸಿಲು ಜೋರುಂಟು ಎನ್ನುತ್ತೇನೆ, ಹೌದು ಎನ್ನುತ್ತಾಳೆ, ದಡ ಬಂದೇ ಬಿಟ್ಟಿತು. ದೋಣಿ ವಾಲುತ್ತದೆ, ನಾನು ಮೊದಲು ಇಳಿದು ಅಭ್ಯಾಸದಲ್ಲಿ ಕೈ ಚಾಚುತ್ತೇನೆ, ಎಡಗೈಯಲ್ಲಿ ಸೀರೆ ಎತ್ತಿ ಹಿಡಿದವಳು ಬಲಗೈಯನ್ನೇ ಕೊಡುತ್ತಾಳೆ, ಹಿಡಿಯಲು ಅಲ್ಲಿ ಏನೂ ಇಲ್ಲ, ಬಟ್ಟೆ ಸುತ್ತಿದ ಅಂಗೈ, ಹೊರಗೆ ಒಂದು ಹೆಬ್ಬೆಟ್ಟು, ಅದು ನನ್ನ ಬೆರಳುಗಳನ್ನು ಒತ್ತಿ ಹಿಡಿಯುತ್ತದೆ, ಬೀಳದಂತೆ, ಇಳಿದ ಮೇಲೂ ಬಿಡುವುದಿಲ್ಲ, ಕೆಸರು ದಾಟಬೇಕಲ್ಲ, ನನ್ನ ನಾಲ್ಕು ಬೆರಳ ಮೇಲೆ ಅವಳ ಹೆಬ್ಬೆಟ್ಟು, ಬೆಚ್ಚಗೆ, ಒಂದೇ ಒಂದು, ಒತ್ತಿ ಹಿಡಿದ ಹೆಬ್ಬೆಟ್ಟು, ಹೆಬ್ಬೆಟ್ಟು