ಮಹಾದೇವಕ್ಕ ಅತ್ತ ಹಾಡು

ಅವ್ವ ಮತ್ತು ನಾನು ಪಡಸಾಲೆಯಲ್ಲಿ ಕುಳಿತು ಮೆಂತೆಸೊಪ್ಪು ಸೋಸುತ್ತಿದ್ದೆವು. ಎಲೆ ಮೊರಕ್ಕೆ, ದಂಟು ಕಾಗದದ ಮೇಲೆ. ಬೇರೆ ದಿನವಾಗಿದ್ದರೆ ಅವ್ವ ಇಷ್ಟರಲ್ಲಿ ಮೂರು ಮನೆಯ ಸುದ್ದಿ ಮುಗಿಸಿರುತ್ತಿದ್ದಳು. ಅಂದು ನನ್ನ ಮುಖವನ್ನೇ ನೋಡಲಿಲ್ಲ. ನಾನು ಒಂದು ಹಳದಿ ಎಲೆಯನ್ನು ಮೊರಕ್ಕೆ ಹಾಕಿದೆ. ಅವಳು ಅದನ್ನು ಆರಿಸಿ ಆಚೆ ಇಟ್ಟಳು, ಅಷ್ಟೇ.

ಹಿಂದಿನ ದಿನ ನಾವು, ನೆರೆಮನೆಯವರು ಎಲ್ಲ ಸೇರಿ ತಿಳವಳ್ಳಿಯಿಂದ ಟೆಂಪೋ ಮಾಡಿಕೊಂಡು ಹಾನಗಲ್ಲಿಗೆ ಹೋಗಿ ಚನ್ನೇಶ ಮಾಮಾನ ಸಿನಿಮಾ ನೋಡಿ ಬಂದಿದ್ದೆವು.

ಮಾಮಾ ಅವ್ವನ ತಮ್ಮ, ದುಂಡಸಿಯವನು. ಹತ್ತೊಂಬತ್ತನೇ ವಯಸ್ಸಿಗೆ ಬೆಂಗಳೂರಿಗೆ ಹೋಗಿ ಹನ್ನೊಂದು ವರ್ಷ ಬೇರೆ ನಿರ್ದೇಶಕರ ಕೈಕೆಳಗೆ ದುಡಿದ. ಕ್ಲಾಪ್ ಬೋರ್ಡ್ ಹಿಡಿದ, ನಟಿಯರಿಗೆ ಮಾತು ಹೇಳಿಕೊಟ್ಟ, ಕೊಡೆಯನ್ನೂ ಹಿಡಿದ. ಸ್ವಂತ ಮಾಡಿದ ಮೊದಲ ಸಿನಿಮಾ ಬಿಡುಗಡೆಯೇ ಆಗಲಿಲ್ಲ. ಎರಡನೆಯದು ಮೂರು ದಿನ ಓಡಿತು. ಶಿಗ್ಗಾಂವಿಯಲ್ಲಿ ನೋಡಲು ಹೋದಾಗ ಒಳಗೆ ನಮ್ಮನ್ನು ಬಿಟ್ಟರೆ ನಾಲ್ಕೇ ಜನ. ಮಾಮಾ ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕುಳಿತಿದ್ದ. ಹೊರಗೆ ಬಂದ ಮೇಲೆ ಅಪ್ಪ ಅಂದ: "ಚನ್ನೇಶಾ, ನಡುವ ಒಂದೀಟ ನಮ್ಮ ಎಮ್ಮಿ ನಿಲ್ಲಿಸಿದ್ರ ಇನ್ನೊಂದು ವಾರ ಓಡ್ತಿತ್ತಲೋ." ಎಲ್ಲರೂ ನಕ್ಕರು, ಮಾಮಾನೂ ನಕ್ಕ. ಆಮೇಲೆ ಐದು ವರ್ಷ ನಮ್ಮ ಮನೆ ಕಡೆ ತಲೆ ಹಾಕಲಿಲ್ಲ.

ಮೂರನೆಯ ಸಿನಿಮಾ ತೆಗೆಯಲು ಅವನು ನಮ್ಮೂರಿಗೇ ಬಂದ. ಒಂದು ತಿಂಗಳು ನಮ್ಮಲ್ಲೇ ಇದ್ದ. ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟವಳು, ಹೊರಗಿನವರ ಮುಂದೆ ಬಾಯಿ ಬಿಡುವುದಿಲ್ಲ. ರೊಟ್ಟಿ ಬಡಿದು ಕೊಟ್ಟು ಬಾಗಿಲ ಮರೆಯಲ್ಲಿ ನಿಂತು ನೋಡುತ್ತಿದ್ದೆ. ಒಂದು ದಿನ ಗಂಡ ಸತ್ತ ದೃಶ್ಯ. ಬೆಂಗಳೂರಿನ ನಟಿ ಕಣ್ಣಿಗೆ ಏನೋ ಹಚ್ಚಿಕೊಂಡು ನಾಲ್ಕು ಸಲ ಅತ್ತಳು. ಮಾಮಾ ಅಡುಗೆಮನೆಗೆ ಬಂದು ಗೋಡೆಗೆ ಒರಗಿದ.

"ಸುಳ್ಳ ಅನಸಾಕತ್ತೇತಿ, ಭಾಗ್ಯಾ. ನೀ ದಿನಾ ನಿಂತ ನೋಡ್ತಿಯಲ್ಲ, ಏನ ತಪ್ಪೈತಿ ಹೇಳು."

ಅದುವರೆಗೆ ನನ್ನನ್ನು ಯಾರೂ ಏನನ್ನೂ ಕೇಳಿದ್ದಿಲ್ಲ.

"ನಮ್ಮ ಕಡೆ ಹೆಂಗಸರು ಸುಮ್ಮನ ಅಳೂದಿಲ್ರಿ ಮಾಮಾ. ಹಾಡ್ಕೊಂತ ಅಳ್ತಾರ."

"ಅದು ನನಗೂ ಗೊತ್ತೈತಿ. ಏನಂತ ಹಾಡ್ತಾರ?"

ನಾನು ಹಾಡಿಬಿಟ್ಟೆ. "ನೀರ ಬೇಡಿದ್ರಿ ನನ ರಾಯಾ, ಕೇಳಿದ್ರೂ ಕೇಳದಂಗ ಗ್ವಾಡಿ ಕಡೆ ಮಾರಿ ಮಾಡಿ ಮಲಗಿದ್ನೆಲ್ಲಾ..."

ಅದು ನೆರೆಮನೆಯ ಮಹಾದೇವಕ್ಕನದು. ಮೂರು ವರ್ಷದ ಹಿಂದೆ ಅವಳ ಗಂಡ ದ್ಯಾಮಪ್ಪ ತೀರಿಕೊಂಡಾಗ ಹೆಣದ ಮುಂದೆ ಕುಳಿತು ಹೀಗೆ ಹಾಡಿಕೊಂಡು ಅತ್ತಿದ್ದಳು. ಆ ಮಧ್ಯಾಹ್ನ ಇಬ್ಬರಿಗೂ ಜಗಳವಾಗಿತ್ತಂತೆ. ಅವನು ನೀರು ಕೇಳಿದ, ಇವಳು ಸಿಟ್ಟಿಗೆ ನಿದ್ದೆ ಬಂದವಳಂತೆ ಮಲಗಿದಳು. ಎದ್ದು ನೋಡಿದರೆ ಅವನ ಜೀವ ಹೋಗಿತ್ತು. ಒಳಗೆ ಹೆಂಗಸರಷ್ಟೇ ಇದ್ದೆವು. ಅವಳ ಮಗ ಫಕ್ಕೀರೇಶ ಮತ್ತು ಉಳಿದ ಗಂಡಸರು ಹೊರಗೆ, ಹೆಣ ಕೂರಿಸುವ ವಿಮಾನ ಕಟ್ಟುತ್ತಿದ್ದರು. ಅಳುವಾಗ ಹೆಂಗಸರು ಏನೇನೋ ಹೇಳಿಕೊಳ್ಳುತ್ತಾರೆ. ಅತ್ತೆ ಬಡಿದದ್ದು, ಮೈದುನ ಅಂದದ್ದು. ಕೇಳಿದವರು ಮನೆಗೆ ಬಂದು ತಲೆ ಮೇಲೆ ನೀರು ಹಾಕಿಕೊಂಡ ಮೇಲೆ ಅದನ್ನು ಎಲ್ಲೂ ಆಡುವುದಿಲ್ಲ. ಎಂಥ ಜಗಳದಲ್ಲೂ ಯಾರೂ ಎತ್ತುವುದಿಲ್ಲ. ಇದನ್ನು ನನಗೆ ಯಾರೂ ಕಲಿಸಿಕೊಡಬೇಕಿರಲಿಲ್ಲ.

ಮಾಮಾ ಕದಲದೆ ನಿಂತಿದ್ದ. ಇನ್ನೊಮ್ಮೆ ಹಾಡಿಸಿ ಫೋನಿನಲ್ಲಿ ಹಿಡಿದುಕೊಂಡ.

"ಯಾರದಿದು?"

"ನಾನ ಕಟ್ಟೇನ್ರಿ" ಅಂದೆ.

ಅವನು ನನ್ನ ತಲೆ ಮೇಲೆ ಕೈ ಇಟ್ಟ. ಆ ದಿನವೆಲ್ಲ ನನಗೆ ಊಟ ಬೇಕಾಗಲಿಲ್ಲ, ಅಷ್ಟು ಸಂತೋಷವಾಗಿತ್ತು.

ಆ ಸಿನಿಮಾಕ್ಕೆ ಬಹುಮಾನ ಬಂತು. ಹಾನಗಲ್ಲಿನಲ್ಲಿ ಮೊದಲು ಪರದೆಯ ಮೇಲೆ ನನ್ನ ಹೆಸರೇ ದೊಡ್ಡದಾಗಿ ಬಂತು: ಅಳುವಿನ ಹಾಡು, ಭಾಗ್ಯಶ್ರೀ. ಟೆಂಪೋದವರೆಲ್ಲ ಸಿಳ್ಳೆ ಹಾಕಿದರು. ಮಹಾದೇವಕ್ಕ ಹಿಂದಿನಿಂದ ನನ್ನ ಭುಜ ತಟ್ಟಿ, "ಏ ಹುಡುಗಿ, ದೊಡ್ಡಾಕಿ ಆದೆಲ್ಲ" ಅಂದಳು. ಆ ದೃಶ್ಯ ಬಂದಾಗ ನಾನು ತಿರುಗಿ ನೋಡಿದೆ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಪಕ್ಕದಲ್ಲಿ ಫಕ್ಕೀರೇಶ ಪರದೆ ಬಿಟ್ಟು ತಾಯಿಯನ್ನು ನೋಡುತ್ತಿದ್ದ. ಅಪ್ಪ ಸತ್ತ ಮಧ್ಯಾಹ್ನದ ಜಗಳ ಅವನಿಗೂ ಗೊತ್ತಿತ್ತು, ನೀರಿನ ಮಾತು ಗೊತ್ತಿರಲಿಲ್ಲ. ಅವಳು ಒಂದು ಸಲ ಅವನ ಕಡೆ ತಿರುಗಿದ್ದರೆ, ಇದು ನನ್ನ ಮಾತಲ್ಲ ಅಂದಿದ್ದರೆ ಮುಗಿಯುತ್ತಿತ್ತೇನೋ. ಅವಳು ತಿರುಗಲಿಲ್ಲ. ಬರುವಾಗ ಅವನು ಡ್ರೈವರನ ಪಕ್ಕ ಹೋಗಿ ಕುಳಿತ.

ಮರುದಿನ ಬೆಳಿಗ್ಗೆ, ಸೊಪ್ಪು ಸೋಸಲು ಕೂರುವ ಮೊದಲು, ಹಿತ್ತಿಲ ಗೋಡೆಯಾಚೆ ಕಂಡೆ. ಮಹಾದೇವಕ್ಕ ಚಹಾದ ಕಪ್ಪು ಹಿಡಿದು ನಿಂತಿದ್ದಳು. ಫಕ್ಕೀರೇಶ ಕೈ ಚಾಚಲಿಲ್ಲ. ಹೆಂಡತಿ ಬಂದು ಅದನ್ನು ಇಸಿದುಕೊಂಡು ಕೊಟ್ಟ ಮೇಲೆ ಕುಡಿದ.

ಸಿನಿಮಾ ತೋರಿಸಲು ಬಂದು ರಾತ್ರಿ ನಮ್ಮಲ್ಲೇ ಉಳಿದಿದ್ದ ಮಾಮಾ ಸ್ನಾನ ಮುಗಿಸಿ ಪಡಸಾಲೆಗೆ ಬಂದ. ನಾನು ಮೊರ ಕೆಳಗಿಟ್ಟು ಎಲ್ಲವನ್ನೂ ಹೇಳಿದೆ. ಅವನು ಟವೆಲ್ ಕೈಯಲ್ಲಿ ಹಿಡಿದು ಹಾಗೇ ಕುಳಿತುಬಿಟ್ಟ.

"ಅದನ್ನ ತಗದಬಿಡ್ರಿ ಮಾಮಾ."

"ಬಹುಮಾನ ಕೊಟ್ಟವರು ಆ ಸೀನಿನ ಸಲುವಾಗೇ ಕೊಟ್ಟಾರವ್ವಾ. ಇಷ್ಟ ವರ್ಷದಾಗ ನನ್ನ ಕೈಲೆ ಖರೇ ಅನ್ನೂವಂಥಾದ್ದು ಆಗಿದ್ದು ಅದೊಂದ. ಅದನ್ನ ತಗದ್ರ ಉಳಿಯೂದೇನು, ನಿಮ್ಮಪ್ಪನ ಎಮ್ಮಿ?" ಅವನು ನಗಲಿಲ್ಲ. ಟವೆಲ್ ಹೆಗಲಿಗೆ ಹಾಕಿ, "ನಾ ಹೋಗಿ ಆಕಿ ಕಾಲಿಗೆ ಬೀಳ್ಲೇನು?" ಅಂದ.

"ನಿಮಗ ಗೊತ್ತಿರಲಿಲ್ರಿ. ಸುಳ್ಳ ಹೇಳಿದಾಕಿ ನಾನು."

ಆಗ ಅವ್ವ ಮೊದಲ ಸಲ ಮಾತಾಡಿದಳು. "ಅವತ್ತ ನಾನೂ ಅಲ್ಲೇ ಕುಂತಿದ್ದೆ. ಇವತ್ತಿನ ತನಕಾ ನಿಮ್ಮಪ್ಪಗೂ ಹೇಳಿಲ್ಲ." ಹೇಳಿ ಮತ್ತೆ ಸೊಪ್ಪಿಗೆ ಕೈ ಹಾಕಿದಳು.

ನಾನು ಎದ್ದು ನೆರೆಮನೆಗೆ ಹೋದೆ. ಫಕ್ಕೀರೇಶ ಕಟ್ಟೆಯ ಮೇಲೆ ಕುಳಿತು ಬೂಟಿನ ದಾರ ಕಟ್ಟುತ್ತಿದ್ದ. ತಲೆ ಎತ್ತಲಿಲ್ಲ. ಒಳಗೆ ಮಹಾದೇವಕ್ಕ ಹಾಸಿಗೆಯ ಕೌದಿ ಮಡಚುತ್ತಿದ್ದಳು. ನನ್ನನ್ನು ನೋಡಿ, ಕುಂದ್ರು ಎಂಬಂತೆ ಚಾಪೆಯನ್ನು ಕಾಲಿನಿಂದ ಈಚೆ ಸರಿಸಿದಳು. ಮನೆಗೆ ಬಂದವರಿಗೆ ಮಾಡುವಷ್ಟನ್ನು ನನಗೂ ಮಾಡಿದಳು. ಅದನ್ನು ತಡೆದುಕೊಳ್ಳಲು ನನಗೆ ಆಗಲಿಲ್ಲ. ಕೂರಲಿಲ್ಲ.

"ಅತ್ತಿ, ಅದು ನಿಮ್ಮದಂತ ಗೊತ್ತಿದ್ದೂ ಹಾಡೇನ್ರಿ. ನನ್ನ ಹೆಸರು ಬರಲಿ ಅಂತ" ಅಂದೆ.

ಅವಳು ಕೌದಿಯ ಮೂಲೆಗೆ ಮೂಲೆ ಕೂಡಿಸಿದಳು. ಹೊರಗೆ, ಕಟ್ಟೆ ಇಳಿದು ಹೊರಟಿದ್ದ ಫಕ್ಕೀರೇಶನ ಬೂಟಿನ ಸಪ್ಪಳ ನಿಂತಿತು.

"ಅತ್ತಿ, ನನ್ನ ಒಂದ ಸಲಾ ಬೈರಿ."