ಧಾರವಾಡದ ಕೊರಳಿಗೊಂದು ಹಾರ

ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಮೂವತ್ತೆಂಟು ವರ್ಷದಿಂದ ಹೂವಿನ ಅಂಗಡಿ ಇಟ್ಟಿರುವ ಗುರುಸಿದ್ದಯ್ಯನವರಿಗೆ ಒಂದೇ ಒಂದು ಆಸೆ ಬಾಕಿ ಉಳಿದಿತ್ತು. ಕೇಳಿದರೆ ನಗು ಬರಬೇಕು, ಅಂಥ ಆಸೆ. ತಾವೇ ಕಟ್ಟಿದ ಹಾರವನ್ನು ತಮ್ಮ ಕೈಯಾರೆ ಒಬ್ಬ ದೊಡ್ಡ ಮನುಷ್ಯರ ಕೊರಳಿಗೆ ಹಾಕಬೇಕು, ಅಷ್ಟೆ. ಮಂತ್ರಿಗಳಿಗೆ, ಮದುಮಕ್ಕಳಿಗೆ, ನಿವೃತ್ತರಾದ ಹೆಡ್ ಮಾಸ್ತರರಿಗೆ, ಬೆಟ್ಟದ ತಾಯಿಗೆ ಅಂತ ಅವರು ಕಟ್ಟಿದ ಹಾರಗಳಿಗೆ ಲೆಕ್ಕವೇ ಇಲ್ಲ. ಆದರೆ ಕಟ್ಟಿ, ಬಾಳೆ ಎಲೆಯಲ್ಲಿ ಸುತ್ತಿ, ಅಂಗಡಿಯ ಹಲಗೆ ದಾಟಿಸಿ ಕೊಟ್ಟರೆ ಅವರ ಕೆಲಸ ಮುಗಿಯಿತು. ಹಾಕುವ ಭಾಗ್ಯ ಯಾರದೋ, ಚಪ್ಪಾಳೆ ಯಾರಿಗೋ.

“ನಮ್ ಮದುವೇಲಿ ನನಗೆ ಹಾಕಿದ್ರಲ್ಲ, ನಂದೇನು ಕೊರಳಲ್ವಾ?” ಎಂದು ಹೆಂಡತಿ ಚೆಲುವಮ್ಮ ವರ್ಷಕ್ಕೆ ನಾಲ್ಕು ಸಲವಾದರೂ ಕೆಣಕುತ್ತಿದ್ದರು.

“ಆ ಹಾರ ನಮ್ಮಪ್ಪ ಕಟ್ಟಿದ್ದು ಕಣೆ. ನಾನು ಬರೀ ಹಾಕ್ದೆ. ಕಟ್ಟಿದ್ದೂ ಹಾಕಿದ್ದೂ ಒಂದೇ ಕೈ ಆಗ್ಬೇಕು.”

“ಹಂಗಾದ್ರೆ ಇನ್ನೊಂದು ಮದುವೆ ಆಗಿ,” ಎಂದು ಚೆಲುವಮ್ಮ ಒಳಗೆ ಹೋಗುತ್ತಿದ್ದರು. ಮಾತು ಅಲ್ಲಿಗೆ ನಿಲ್ಲುತ್ತಿತ್ತು.

ಇಂಥ ಗುರುಸಿದ್ದಯ್ಯನವರಿಗೆ ಅವಕಾಶ ತಾನಾಗಿ ಮನೆ ಬಾಗಿಲಿಗೆ ಬಂತು. ಮಗ ನಿರಂಜನ್ ವಿಶ್ವವಿದ್ಯಾನಿಲಯದಲ್ಲಿ ಸಸ್ಯಶಾಸ್ತ್ರದ ಸಂಶೋಧನೆಗೆ ಸೇರಿ ಐದು ವರ್ಷವಾಗಿತ್ತು. ಮಲ್ಲಿಗೆ ಮೊಗ್ಗು ಎಷ್ಟು ಹೊತ್ತು ಬಿರಿಯದೆ ತಡೆಯುತ್ತದೆ, ಯಾತಕ್ಕೆ ತಡೆಯುತ್ತದೆ ಎಂಬುದರ ಮೇಲೆ ಮಹಾರಾಯ ಇನ್ನೂರ ಎಂಬತ್ತು ಪುಟ ಬರೆದಿದ್ದ. “ಇಷ್ಟನ್ನೂ ನಮ್ಮವ್ವ ಎರಡೇ ಮಾತಲ್ಲಿ ಹೇಳ್ಬುಡೋಳು,” ಎಂದು ಅಪ್ಪ ಮಾರುಕಟ್ಟೆಯಲ್ಲೆಲ್ಲ ಹಾಸ್ಯ ಮಾಡುತ್ತಿದ್ದರು. ಹಾಗೆ ಹೇಳುವಾಗ ಹೆಮ್ಮೆಯಿಂದ ಅವರ ಮೀಸೆ ಕುಣಿಯುತ್ತಿದ್ದುದನ್ನು ಅಕ್ಕಪಕ್ಕದ ಅಂಗಡಿಯವರೆಲ್ಲ ಕಂಡಿದ್ದರು.

ಈಗ ಕೊನೆಯ ಮೌಖಿಕ ಪರೀಕ್ಷೆ. ಬೇರೆ ಊರಿನ ಪ್ರೊಫೆಸರರೊಬ್ಬರು ಎಲ್ಲರ ಎದುರಿಗೆ ಪ್ರಶ್ನೆ ಕೇಳುತ್ತಾರೆ. ಒಪ್ಪಿಗೆಯಾದರೆ ಡಾಕ್ಟರೇಟ್ ಕೊಡಬಹುದೆಂದು ಅಲ್ಲೇ ಹೇಳುತ್ತಾರೆ. ಆಮೇಲೆ ಅವರಿಗೆ ಶಾಲು ಹೊದಿಸಿ, ಹಾರ ಹಾಕಿ, ಹಣ್ಣು ಕೊಡುವುದು ಪದ್ಧತಿ. “ಹಾರ ನಾನೇ ಹಾಕ್ತೀನಿ, ನಿಮ್ಮ ಮೇಡಮ್ಮೋರಿಗೆ ಹೇಳಿಟ್ಟಿರು,” ಎಂದು ಗುರುಸಿದ್ದಯ್ಯ ತಿಂಗಳ ಮುಂಚೆಯೇ ಮಗನಿಗೆ ತಾಕೀತು ಮಾಡಿದ್ದರು. ನಿರಂಜನ್ ಹೂಂ ಅಂದಿದ್ದ. ಆದರೆ ಪರೀಕ್ಷಕರು ಬರುವುದಿಲ್ಲ, ಧಾರವಾಡದ ತಮ್ಮ ಮನೆಯಲ್ಲೇ ಕೂತು ವಿಡಿಯೋದಲ್ಲಿ ಪರೀಕ್ಷೆ ಮಾಡುತ್ತಾರೆ ಎಂದು ಹಿಂದಿನ ವಾರ ತೀರ್ಮಾನವಾದದ್ದನ್ನು ಅಪ್ಪನಿಗೆ ತಿಳಿಸುವುದು ಮಾತ್ರ ಓದಿನ ಗಡಿಬಿಡಿಯಲ್ಲಿ ಅವನಿಗೆ ಮರೆತೇ ಹೋಯಿತು.

ಪರೀಕ್ಷೆಯ ದಿನ ಗುರುಸಿದ್ದಯ್ಯ ಬೆಳಗಿನ ಐದಕ್ಕೇ ಹಾರಕ್ಕೆ ಕೂತರು. ಆಗ ತಾನೇ ತೋಟದಿಂದ ಬಂದ ಮೈಸೂರು ಮಲ್ಲಿಗೆಯ ಮೊಗ್ಗನ್ನು ಒಂದೊಂದಾಗಿ ಆರಿಸಿ, ನೆನೆಸಿದ ಬಾಳೆನಾರಿನಲ್ಲಿ ಕಟ್ಟಿದರು. ನಡುನಡುವೆ ಮರುಗ, ಕೆಳಗೆ ಕುಚ್ಚಿಗೆ ಕೆಂಪು ಗುಲಾಬಿ. ಕಟ್ಟಿ ಮುಗಿದಾಗ ಪಕ್ಕದಂಗಡಿಯ ಶಾಮಣ್ಣ ಬಂದು ನೋಡಿ, ಇದನ್ನು ಹಾಕಿಸಿಕೊಳ್ಳುವುದಾದರೆ ತಾನೂ ಪ್ರೊಫೆಸರ್ ಆಗಬಹುದಿತ್ತು ಎಂದ.

ಮಧ್ಯಾಹ್ನ ಮೂರಕ್ಕೆ ಗಂಡ ಹೆಂಡತಿ ಇಬ್ಬರೂ ವಿಶ್ವವಿದ್ಯಾನಿಲಯದ ವಿಡಿಯೋ ಕಾನ್ಫರೆನ್ಸ್ ಕೊಠಡಿಗೆ ಬಂದರು. ತಣ್ಣಗಿನ ಕೋಣೆ, ಉದ್ದನೆಯ ಮೇಜು, ಮೇಜಿನ ಮೇಲೆ ಸಾಲಾಗಿ ಮೈಕು. ಎದುರು ಗೋಡೆಯ ತುಂಬ ಒಂದು ಟೀವಿ, ಅದರ ಕೆಳಗೆ ತೆಂಗಿನಕಾಯಿ ಗಾತ್ರದ ಕಪ್ಪು ಕ್ಯಾಮರಾ. ಆ ಕೊಠಡಿಯನ್ನು ನೋಡಿಕೊಳ್ಳುವ ಬಿಂದು ಎಂಬ ಹುಡುಗಿ, “ಯಾರು ಮಾತಾಡ್ತಾರೋ ಅವರ ಕಡೆ ಅದೇ ತಿರುಗುತ್ತೆ ಅಂಕಲ್, ಯಾರೂ ಮುಟ್ಟೋದೇ ಬೇಡ,” ಎಂದು ಸ್ವಂತ ತಮ್ಮನನ್ನು ಹೊಗಳುವಂತೆ ಹೊಗಳಿದಳು. ಗುರುಸಿದ್ದಯ್ಯ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಹಿಂದಿನ ಸಾಲಿನಲ್ಲಿ ಕೂತರು. ಟೀವಿಯಲ್ಲಿ ಬಿಳಿ ಕೂದಲಿನ, ಸಣಕಲು ದೇಹದ ಹಿರಿಯರೊಬ್ಬರು ಕನ್ನಡಕ ಒರೆಸಿಕೊಳ್ಳುತ್ತಿದ್ದರು.

“ಪರೀಕ್ಷೆ ಮಾಡೋರು ಯಾವಾಗ ಬತ್ತಾರಮ್ಮ?”

“ಬಂದಾಯ್ತಲ್ಲ ಅಂಕಲ್. ಅಗೋ, ಅವರೇ ವೆಂಕಟಸುಬ್ಬಯ್ಯ ಸರ್. ಧಾರವಾಡದಿಂದ ಕನೆಕ್ಟ್ ಆಗಿದ್ದಾರೆ.”

ಗುರುಸಿದ್ದಯ್ಯ ಕೂತಲ್ಲೇ ನೆಟ್ಟಗಾದರು. ಟೀವಿಯನ್ನೊಮ್ಮೆ, ಬುಟ್ಟಿಯನ್ನೊಮ್ಮೆ ನೋಡಿದರು. ಹಾರವೇನೋ ಇದೆ, ಕೊರಳು ಮಾತ್ರ ನಾನೂರು ಚಿಲ್ಲರೆ ಕಿಲೋಮೀಟರ್ ದೂರ ಇದೆ. ಮಗನನ್ನು ಅಲ್ಲೇ ಬೈಯೋಣವೆಂದರೆ ಅವನು ಆಗಲೇ ಮಾತು ಶುರು ಮಾಡಿದ್ದ. ದುಃಖವೂ ಸಿಟ್ಟೂ ಒಟ್ಟಿಗೆ ಬಂದು ಅವರಿಗೆ ಅರ್ಧ ಗಂಟೆ ಏನು ನಡೆಯುತ್ತಿದೆ ಎಂಬುದೇ ತಲೆಗೆ ಹತ್ತಲಿಲ್ಲ.

ತಲೆಗೆ ಹತ್ತಿದ್ದು ಒಂದು ಪ್ರಶ್ನೆ. “ದಾರದಲ್ಲಿ ಕಟ್ಟಿದ ಮೊಗ್ಗು ಸಂಜೆಗೇ ಬಿರಿಯುತ್ತೆ, ಬಾಳೆನಾರಿನಲ್ಲಿ ಕಟ್ಟಿ ಎಲೆ ಸುತ್ತಿಟ್ಟರೆ ಮಾರನೇ ಬೆಳಗಿನ ತನಕ ತಡೆಯುತ್ತೆ ಅಂತ ಕೋಷ್ಟಕದಲ್ಲಿ ತೋರಿಸಿದ್ದೀರಿ,” ಎಂದರು ವೆಂಕಟಸುಬ್ಬಯ್ಯ. “ಆದರೆ ಕಟ್ಟುವ ಕೈ ಬದಲಾದರೆ ಲೆಕ್ಕ ಬದಲಾಗುತ್ತಲ್ಲ? ಇಷ್ಟೂ ಮಾದರಿಗಳನ್ನ ಕಟ್ಟಿದ್ದು ಯಾರು?”

“ಒಂದೇ ಕೈ ಸರ್. ನಮ್ಮ ತಂದೆಯವರು,” ಎಂದ ನಿರಂಜನ್. “ಒಂಬತ್ತನೇ ಪುಟದಲ್ಲಿ ಅವರ ಹೆಸರು ಬರೆದಿದ್ದೀನಿ. ಆ ಕೈ ಇಲ್ಲದಿದ್ದರೆ ಈ ಕೋಷ್ಟಕ ಇರ್ತಿರಲಿಲ್ಲ.”

ದಿನಾ ಬೆಳಿಗ್ಗೆ ಮಗ ಬಂದು, ನಾಲ್ಕು ಮೊಳ ದಾರದಲ್ಲಿ, ನಾಲ್ಕು ಮೊಳ ನಾರಿನಲ್ಲಿ ಅಂತ ಕಟ್ಟಿಸಿಕೊಂಡು ಹೋಗುತ್ತಿದ್ದುದು ಗುರುಸಿದ್ದಯ್ಯನವರಿಗೆ ನೆನಪಿತ್ತು. ಅದಕ್ಕಾಗಿ ಪುಸ್ತಕದಲ್ಲಿ ಹೆಸರು ಬಂದಿರುವುದು ಮಾತ್ರ ಗೊತ್ತಿರಲಿಲ್ಲ. ಬೈಗುಳವೆಲ್ಲ ಎಲ್ಲಿ ಹೋಯಿತೋ, ಚೆಲುವಮ್ಮ ಸೆರಗಿನ ಅಂಚು ಕೊಟ್ಟರೆ ಅದರಲ್ಲೇ ಮೂಗು ಒರೆಸಿಕೊಂಡರು.

ಇನ್ನೊಂದು ಗಂಟೆಯಲ್ಲಿ ಪರೀಕ್ಷೆ ಮುಗಿಯಿತು. ಈ ಪ್ರಬಂಧಕ್ಕೆ ಸಂತೋಷದಿಂದ ಡಾಕ್ಟರೇಟ್ ಶಿಫಾರಸು ಮಾಡುತ್ತೇನೆ ಎಂದು ವೆಂಕಟಸುಬ್ಬಯ್ಯ ಹೇಳಿದರು. ಚಪ್ಪಾಳೆ ಬಿತ್ತು. ನಿರಂಜನ್‌ಗೆ ಮಾರ್ಗದರ್ಶಕರಾಗಿದ್ದ ಶಾರದ ಮೇಡಂ, ಶಾಲನ್ನು ಕೊರಿಯರ್ ಮಾಡುತ್ತೇವೆ ಸರ್ ಎಂದು ಕೈಮುಗಿದರು. ಆಗ ಬಿಂದುವಿನ ಕಣ್ಣು ಬುಟ್ಟಿಯ ಮೇಲೆ ಬಿತ್ತು. ಒಳ್ಳೆಯ ಹುಡುಗಿ, ಕಷ್ಟ ಅರ್ಥವಾಯಿತು. ಗುರುಸಿದ್ದಯ್ಯನವರನ್ನು ಮುಂದಕ್ಕೆ ಕರೆತಂದು ಮೇಜಿನ ಪಕ್ಕ ನಿಲ್ಲಿಸಿದಳು.

“ಹಾರಾನ ಟೀವಿಗೇ ಹಾಕ್ಬಿಡಿ ಅಂಕಲ್,” ಎಂದು ಪಿಸುಗುಟ್ಟಿದಳು. “ಸರ್ ಮುಖದ ಸುತ್ತ ಬರೋ ಹಾಗೆ. ನಾನು ಫೋಟೋ ತೆಗೀತೀನಿ.”

ಗುರುಸಿದ್ದಯ್ಯ ಹೌಹಾರಿದರು. “ಅಯ್ಯೋ, ಬುಡ್ತು ಅನ್ನು ತಾಯಿ. ಪಟಕ್ಕೆ ಹಾರ ಹಾಕೋದು ಸತ್ತೋರಿಗೆ ಕಣಮ್ಮ. ಕಲ್ಲುಗುಂಡಿನಂಗೆ ಕೂತವ್ರೆ ಮಾರಾಯ್ರು, ಅವರನ್ನ ಯಾಕೆ ಸಾಯಿಸ್ತೀಯ?”

ಅವರು ಹೇಳಿದ್ದೂ ಪಿಸುಮಾತಿನಲ್ಲೇ. ಆದರೆ ಹೂವಿನ ಮಾರುಕಟ್ಟೆಯ ಪಿಸುಮಾತು ಎಂದರೆ ನಾಲ್ಕು ಅಂಗಡಿ ಆಚೆಗೆ ಕೇಳುತ್ತದೆ. ಸಾಲದ್ದಕ್ಕೆ ಮೂಗಿನ ಕೆಳಗೇ ಮೈಕು. ಕಪ್ಪು ಕ್ಯಾಮರಾ ಗಿರ್ರನೆ ತಿರುಗಿ ಅವರ ಮುಖವನ್ನೇ ದಿಟ್ಟಿಸಿತು. ಧಾರವಾಡದಲ್ಲಿ ವೆಂಕಟಸುಬ್ಬಯ್ಯನವರು ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದರು. ನಿರಂಜನ್ ಕಣ್ಣು ಮುಚ್ಚಿಕೊಂಡ. ಶಾರದ ಮೇಡಂ ನಾಲಿಗೆ ಕಚ್ಚಿಕೊಂಡರು.

ಆಮೇಲೆ ಟೀವಿಯಲ್ಲಿದ್ದ ಹಿರಿಯರು ಭುಜ ಕುಲುಕಿಸಿಕೊಂಡು ನಗತೊಡಗಿದರು. “ತುಂಬಾ ಉಪಕಾರವಾಯ್ತು ಯಜಮಾನರೇ. ಎರಡು ವಾರದ ಹಿಂದೆ ಎದೆಗೆ ಸ್ಟೆಂಟ್ ಹಾಕಿಸಿಕೊಂಡಿದ್ದೀನಿ. ಪ್ರಯಾಣ ಬೇಡ ಅಂತ ಡಾಕ್ಟರು ಹೇಳಿದ್ದಕ್ಕೇ ಈ ಟೀವಿ ಅವತಾರ. ನೀವು ಹಾರ ಹಾಕದೆ ನನ್ನನ್ನ ಉಳಿಸಿದಿರಿ.”

ಗುರುಸಿದ್ದಯ್ಯನವರಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೆ ಅನ್ನಿಸಿತು. “ತಪ್ಪಾಯ್ತು ಬುದ್ಧಿ,” ಎಂದು ಕೈಮುಗಿದರು.

“ತಪ್ಪೇನು ಬಂತು? ಎಲ್ಲಿ, ಹಾರ ತೋರಿಸಿ ನೋಡೋಣ.”

ಗುರುಸಿದ್ದಯ್ಯ ಎಲೆ ಬಿಡಿಸಿ ಹಾರವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದರು. ವೆಂಕಟಸುಬ್ಬಯ್ಯ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. “ನಾನೂ ಯಾದವಗಿರಿಯಲ್ಲಿ ಬೆಳೆದವನೇ. ಮೈಸೂರು ಬಿಟ್ಟು ಮೂವತ್ತು ವರ್ಷವಾಯ್ತು,” ಎಂದರು. “ಇಲ್ಲಿಂದ ಎಲ್ಲಾ ಕಾಣುತ್ತೆ, ವಾಸನೆ ಒಂದು ಬರೋದಿಲ್ಲ ನೋಡಿ. ಈಗ ಆ ಹಾರ ಏನು ಮಾಡ್ತೀರಿ?”

“ನಿಮ್ಗೇ ಅಂತ ಕಟ್ಟಿದ್ದು ಬುದ್ಧಿ. ಇನ್ನೊಬ್ರಿಗೆ ಎಂಗೆ ಕೊಡ್ಲಿ?” ಎಂದವರು, ಮುಚ್ಚಿಟ್ಟುಕೊಂಡು ಪ್ರಯೋಜನವಿಲ್ಲವೆಂದು ಆಸೆಯನ್ನೆಲ್ಲ ಹೇಳಿಯೇಬಿಟ್ಟರು. ಕಟ್ಟಿದ ಕೈಯಲ್ಲೇ ಹಾಕಬೇಕೆಂದುಕೊಂಡದ್ದು, ಮೂವತ್ತೆಂಟು ವರ್ಷದಿಂದ ಕಾದದ್ದು. ಕ್ಯಾಮರಾ ಅಲುಗದೆ ಕೇಳಿಸಿಕೊಂಡಿತು. ಕೊನೆಗೆ ಅವರೇ ಅಂದರು, “ಸಂಜೆ ಏಳಕ್ಕೆ ಧಾರವಾಡಕ್ಕೆ ಬಸ್ಸೈತೆ. ಮದುವೆ ಹಾರ ಅದ್ರಲ್ಲೇ ಕಳಿಸ್ತಾ ಇರ್ತೀನಿ. ಇದನ್ನೂ ಹಾಕಿದ್ರೆ ಬೆಳಿಗ್ಗೆ ನಿಮ್ಮ ಕೈ ಸೇರ್ತದೆ.”

“ಕಳಿಸಿ. ನಿಮ್ಮ ಮಗನ ಕೋಷ್ಟಕ ನಿಜವೋ ಸುಳ್ಳೋ ನಾನೂ ನೋಡ್ತೀನಿ. ಆದರೆ ನೀವು ನಾಳೆ ಹತ್ತು ಗಂಟೆಗೆ ಇದೇ ಕೋಣೆಗೆ ಬರಬೇಕು. ನೀವು ಬರೋ ತನಕ ನಾನು ಅದನ್ನ ಹಾಕಿಕೊಳ್ಳೋದಿಲ್ಲ.”

ಎಲ್ಲರೂ ಬಿಂದುವಿನ ಕಡೆ ನೋಡಿದರು. ಕೊಠಡಿ ಬೇಕಾದರೆ ಎರಡು ದಿನ ಮುಂಚೆ ಅರ್ಜಿ ಕೊಡಬೇಕು, ವಿಭಾಗದ ಮುಖ್ಯಸ್ಥರ ಸಹಿ ಬೇಕು ಎಂದು ಅವಳು ಗೋಡೆಗೆ ಅಂಟಿಸಿದ್ದ ನಿಯಮವನ್ನೇ ನೋಡಿದಳು. ಆಮೇಲೆ ಹೇಳಿದಳು, “ನಾಳೆ ಬೆಳಿಗ್ಗೆ ಹೇಗೂ ಮೆಷೀನ್ ಟೆಸ್ಟ್ ಮಾಡ್ಬೇಕು. ಧಾರವಾಡಕ್ಕೇ ಮಾಡಿದ್ರಾಯ್ತು.”

ಸಂಜೆ ಗುರುಸಿದ್ದಯ್ಯ ಹಾರಕ್ಕೆ ನೀರು ಚಿಮುಕಿಸಿ, ಹೊಸ ಬಾಳೆ ಎಲೆಯಲ್ಲಿ ಸುತ್ತಿ, ರಟ್ಟಿನ ಪೆಟ್ಟಿಗೆಗೆ ಗಾಳಿಯಾಡಲು ತೂತು ಮಾಡಿ ಬಸ್ಸಿಗೆ ಹಾಕಿಬಂದರು. ಮನೆಗೆ ಬಂದ ಮೇಲೂ ಬಸ್ಸು ತುಮಕೂರು ದಾಟಿರಬಹುದು, ಚಿತ್ರದುರ್ಗ ಬಂದಿರಬಹುದು ಎಂದು ಗುಣಿಸುತ್ತಲೇ ಇದ್ದರು. “ಮಗಳನ್ನ ಗಂಡನ ಮನೆಗೆ ಕಳಿಸಿದೋರೂ ಇಷ್ಟು ಒದ್ದಾಡಲ್ಲ, ಮಲಗ್ರೀ,” ಎಂದರು ಚೆಲುವಮ್ಮ.

ಬೆಳಿಗ್ಗೆ ಹತ್ತಕ್ಕೆ ಐದು ನಿಮಿಷವಿರುವಾಗ ಗುರುಸಿದ್ದಯ್ಯ, ಚೆಲುವಮ್ಮ, ನಿರಂಜನ್ ಮೂವರೂ ಆ ಕೊಠಡಿಯಲ್ಲಿದ್ದರು. ಟೀವಿ ಮೊದಲು ನೀಲಿಯಾಗಿತ್ತು. ಅದರ ನಡುವೆ ಸಣ್ಣ ಚಕ್ರವೊಂದು ಸುತ್ತಿತು, ಸುತ್ತುತ್ತಲೇ ಇತ್ತು. ಬಸ್ಸು ಕೆಟ್ಟಿತೋ, ಪೆಟ್ಟಿಗೆ ಕಳೆಯಿತೋ, ಹೂವು ಬಾಡಿತೋ ಎಂದು ಗುರುಸಿದ್ದಯ್ಯ ಒಂದೊಂದೇ ಕಲ್ಪಿಸಿಕೊಳ್ಳುತ್ತಿದ್ದಾಗ ವೆಂಕಟಸುಬ್ಬಯ್ಯ ಆಳೆತ್ತರಕ್ಕೆ ಕಾಣಿಸಿಕೊಂಡರು. ತಮ್ಮದೇ ರೇಷ್ಮೆ ಶಾಲು ಹೊದ್ದು ನಿಂತಿದ್ದರು. ಅವರ ಹಿಂದೆ ಒಂದು ಹೆಜ್ಜೆ ಬಿಟ್ಟು, ಹಾರ ಹಿಡಿದುಕೊಂಡು ಅವರ ಹೆಂಡತಿ ನಿಂತಿದ್ದರು.

“ಡಾಕ್ಟರ್ ನಿರಂಜನ್, ಬರ್ಕೊಳ್ಳಿ,” ಎಂದರು ಹಿರಿಯರು. “ಆರೂವರೆಗೆ ಪೆಟ್ಟಿಗೆ ತೆಗೆದಾಗ ಮುಕ್ಕಾಲು ಪಾಲು ಮೊಗ್ಗಾಗೇ ಇತ್ತು. ಎರಡನೇ ಕಾಫಿ ಮುಗಿಯೋ ಹೊತ್ತಿಗೆ ಬಿರಿಯೋಕೆ ಶುರುವಾಯ್ತು. ಈಗ ಮನೆಯೆಲ್ಲ ಘಮ್ ಅಂತಿದೆ. ಪಕ್ಕದ ಮನೆಯವರು ಏನು ವಿಶೇಷ ಅಂತ ಕೇಳಿಕೊಂಡು ಬಂದಿದ್ದರು.” ಆಮೇಲೆ ಗುರುಸಿದ್ದಯ್ಯನವರ ಕಡೆ ತಿರುಗಿದರು. “ಯಜಮಾನರೇ, ನೀವು ಕೈ ಎತ್ತಿ. ಉಳಿದದ್ದನ್ನ ನಮ್ಮನೆಯವರು ನೋಡ್ಕೋತಾರೆ.”

ಗುರುಸಿದ್ದಯ್ಯ ಟೀವಿಯ ಹತ್ತಿರ ಹೋದರು. ಬರಿಗೈ ಎತ್ತುವುದಕ್ಕೆ ಮೊದಲು ಸಂಕೋಚವಾಯಿತು. ಹೆಂಡತಿಯತ್ತ ನೋಡಿದರು. ಈ ಸಲ ಚೆಲುವಮ್ಮ ಕೆಣಕಲಿಲ್ಲ, ಹೂಂ, ಹಾಕಿ ಎಂಬಂತೆ ತಲೆಯಾಡಿಸಿದರು. ಗುರುಸಿದ್ದಯ್ಯ ಎರಡೂ ಕೈ ಎತ್ತಿದರು. ಹಾರದ ಭಾರ ಎಷ್ಟು, ಎಲ್ಲಿ ಹಿಡಿದರೆ ಕುಚ್ಚು ನೆಟ್ಟಗೆ ನಿಲ್ಲುತ್ತದೆ ಎಂಬುದು ಆ ಬೆರಳುಗಳಿಗೆ ಗೊತ್ತಿತ್ತು, ಹಾಗೇ ಹಿಡಿದವು. ಅತ್ತ ಧಾರವಾಡದಲ್ಲಿ ಆ ಹಿರಿಯರು ತಲೆ ಬಗ್ಗಿಸಿದರು. ಗುರುಸಿದ್ದಯ್ಯ ನಿಧಾನವಾಗಿ ಕೈ ಇಳಿಸಿದರು. ಲೈನಿನ ನಿಧಾನಕ್ಕೋ ಏನೋ, ಅವರ ಕೈ ಇಳಿದ ಅರೆಕ್ಷಣದ ಮೇಲೆ ಹಾರ ಆ ಕೊರಳಿಗೆ ಇಳಿದು ನಿಂತಿತು.

“ಚೂರು ಎಡಕ್ಕೆ ಸರಿಸಿ ತಾಯಿ,” ಎಂದರು ಗುರುಸಿದ್ದಯ್ಯ. ಆಕೆ ಸರಿಸಿದರು. “ಹಾಂ, ಈಗ ಸರಿಹೋಯ್ತು.”

ಬಿಂದು ಫೋಟೋ ತೆಗೆದಳು. ಆಮೇಲೆ ಕೊಠಡಿಯ ರಿಜಿಸ್ಟರ್ ತೆರೆದು, ಉದ್ದೇಶ ಎಂಬ ಕಡೆ ಯಂತ್ರದ ತಪಾಸಣೆ ಎಂದೂ, ಫಲಿತಾಂಶ ಎಂಬ ಕಡೆ ತೃಪ್ತಿಕರ ಎಂದೂ ಬರೆದಳು.

ಕೊಠಡಿಯಿಂದ ಹೊರಗೆ ಬಂದು ಮರದ ನೆರಳಿನಲ್ಲಿ ನಡೆಯುವಾಗಲೂ ಗುರುಸಿದ್ದಯ್ಯ ಎರಡೂ ಕೈಯನ್ನು ಸ್ವಲ್ಪ ಮುಂದಕ್ಕೇ ಚಾಚಿಕೊಂಡಿದ್ದರು. ಚೆಲುವಮ್ಮ ಅದನ್ನು ನೋಡಿ, ಯಾಕೆ ಹಾಗೆ ಎಂದು ಕೇಳಿದರು.

“ಮೂವತ್ತೆಂಟು ವರ್ಷಕ್ಕೆ ಇವತ್ತು ಬೋಣಿ ಆಯ್ತು ಕಣೆ,” ಎಂದರು ಗುರುಸಿದ್ದಯ್ಯ. ಆಮೇಲೆ ಅಂಗಡಿ ತೆರೆಯಲು ತಡವಾಯಿತೆಂದು ಬಸ್ ಸ್ಟಾಪಿನ ಕಡೆ ಬಿರಬಿರನೆ ಹೊರಟರು.